ರಜಪೂತರ ಅಗ್ನಿಕುಲವೂ ನಮ್ಮ ನಾಡಿನ ವೀರಗಲ್ಲೂ

ಬೆಂಗಳೂರಿನ ಪಶ್ಚಿಮ ದಿಕ್ಕಿನ ಬಡಾವಣೆಗಳ ಹೆಸರುಗಳು ವಿಚಾರಶೀಲರಿಗೆ ಒಂದು ಪ್ರಶ್ನೆಯನ್ನು ಹಾಕುವಂತಿವೆ. ವಿಜಯನಗರವೆಂಬ ಹೆಸರು, 1336ರಲ್ಲಿ ತುಂಗಭದ್ರೆಯ ತೀರದಲ್ಲಿ ರಾಜ್ಯವನ್ನು ಕಟ್ಟಿ, ತಮ್ಮನ್ನು ಯದುವಂಶದವರೆಂದು ಶಾಸನಗಳಲ್ಲಿ ಬರೆಯಿಸಿಕೊಂಡ ಸಂಗಮನ ಮಕ್ಕಳನ್ನು ನೆನಪಿಗೆ ತರುವುದು. ಅದಕ್ಕೆ ಬಹು ದೂರವಲ್ಲದ ಬಸವೇಶ್ವರನಗರವಾದರೋ, ಹುಟ್ಟಿನಿಂದ ಮನುಷ್ಯನ ಹಿರಿಮೆಯನ್ನು ಅಳೆಯಬಾರದೆಂದು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದ ಮಹಾಪುರುಷನ ಹೆಸರನ್ನು ಹೊತ್ತಿದೆ. ಒಂದು ಹೆಸರು ವಂಶವನ್ನು ಕೊಂಡಾಡುವುದು. ಇನ್ನೊಂದು ವಂಶವೇನೆಂದು ಕೇಳುವುದು. ಇವೆರಡರ ನಡುವಣ ಬೀದಿಗಳಲ್ಲಿ ನಡೆಯುವವನಿಗೆ ಅಂಗಡಿಗಳ ಫಲಕಗಳ ಮೇಲೆ ರಾಠೋಡ, ಚೌಹಾಣ, ಸೋಲಂಕಿ, ಪರಮಾರ ಎಂಬ ಹೆಸರುಗಳೂ ಕಾಣುವುವು. ಮಾರವಾಡದ ಮರಳುಗಾಡಿನಿಂದ ಬಂದು ಇಲ್ಲಿ ವ್ಯಾಪಾರಕ್ಕೆ ನಿಂತ ಮನೆತನಗಳಲ್ಲಿ ರಜಪೂತರೂ ಇರುವರಷ್ಟೆ. ಈ ಹೆಸರುಗಳು ಕತ್ತಿ ಹಿಡಿದವರ ಹೆಸರುಗಳೆಂಬುದನ್ನು ಎಲ್ಲರೂ ಬಲ್ಲರು. ಆದರೆ ಅವುಗಳಲ್ಲಿ ಕೆಲವಕ್ಕೆ ಕನ್ನಡ ನಾಡಿನೊಡನೆ ಹಳೆಯ ನಂಟೊಂದುಂಟೆಂಬುದನ್ನು ಬಲ್ಲವರು ವಿರಳ.

ಕ್ಷತ್ರಿಯನು ಹುಟ್ಟುವನೆ, ಅಥವಾ ಆಗುವನೆ? ಇದು ಕೇವಲ ಪಂಡಿತರ ಚರ್ಚೆಯಲ್ಲ. ತಮ್ಮ ತಮ್ಮ ಜಾತಿಗೆ ಒಬ್ಬ ಪುರಾಣಪುರುಷನನ್ನೂ ಒಂದು ರಾಜವಂಶವನ್ನೂ ಹುಡುಕಿಕೊಳ್ಳುವ ಪ್ರಯತ್ನವು ನಮ್ಮ ಸಮಾಜದಲ್ಲಿ ಇಂದಿಗೂ ನಿಂತಿಲ್ಲ. ಆದುದರಿಂದ, ಈ ವಿಷಯದಲ್ಲಿ ದೇಶಕ್ಕೆಲ್ಲ ಮೇಲ್ಪಂಕ್ತಿಯೆನಿಸಿದ ರಜಪೂತರ ಮೂಲವನ್ನು ವಿಚಾರಿಸಿ, ಅದರ ಪಕ್ಕದಲ್ಲಿ ನಮ್ಮ ನಾಡಿನ ಕಲ್ಲುಗಳ ಸಾಕ್ಷ್ಯವನ್ನು ಇಟ್ಟು ನೋಡುವುದು ಅಪ್ರಕೃತವಾಗಲಾರದು.

ಒಂದು ಶಬ್ದದ ಎರಡು ಹಾದಿಗಳು

ಮೊದಲು ಹೆಸರನ್ನೇ ತೆಗೆದುಕೊಳ್ಳೋಣ. ‘ರಜಪೂತ’ ಎಂಬುದು ‘ರಾಜಪುತ್ರ’ ಎಂಬ ಸಂಸ್ಕೃತ ಶಬ್ದದ ತದ್ಭವ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ಶಬ್ದಕ್ಕೆ ಅರಸನ ಮಗನೆಂದೇ ಅರ್ಥ. ಕಾಲ ಕಳೆದಂತೆ ಅರಸನ ನಂಟರು, ಅರಸನ ಸೇವೆಯಲ್ಲಿ ಭೂಮಿಯನ್ನು ಪಡೆದ ಸಾಮಂತರು, ಅವರ ಕುದುರೆಯಾಳುಗಳು ಎಲ್ಲರಿಗೂ ಅದು ಸಲ್ಲತೊಡಗಿತು. ಇದೇ ರಾಜಪುತ್ರ ಶಬ್ದವು ಪ್ರಾಕೃತದಲ್ಲಿ ‘ರಾಉತ್ತ’ವಾಗಿ, ಕನ್ನಡಕ್ಕೆ ಬಂದು ‘ರಾವುತ’ ಅಥವಾ ‘ರಾಹುತ’ ಎನಿಸಿಕೊಂಡಿತು. ಆನೆಯನ್ನು ನಡೆಸುವವನು ಮಾವುತ, ಕುದುರೆಯನ್ನೇರಿ ಕಾದುವವನು ರಾವುತ ಎಂಬುದು ನಮ್ಮ ಮಕ್ಕಳಿಗೂ ತಿಳಿದ ಮಾತು.

ಇಲ್ಲಿರುವ ಸ್ವಾರಸ್ಯವನ್ನು ವಾಚಕರು ಗಮನಿಸಬೇಕು. ಶಬ್ದವೊಂದೇ, ಆದರೆ ಉತ್ತರದಲ್ಲಿ ಅದು ಕುಲದ ಹೆಸರಾಯಿತು, ಕನ್ನಡದಲ್ಲಿ ಕೆಲಸದ ಹೆಸರಾಯಿತು. ರಾವುತನಾಗಬೇಕಾದರೆ ಕುದುರೆಯೂ ಕತ್ತಿಯೂ ಎದೆಗಾರಿಕೆಯೂ ಬೇಕಾಗಿದ್ದುವು; ಇಂಥ ಋಷಿಯ ಗೋತ್ರದವನೇ ಆಗಬೇಕೆಂಬ ನಿಯಮವಿರಲಿಲ್ಲ. ಉತ್ತರದಲ್ಲಿಯಾದರೂ ಮೊದಲಿನ ಸ್ಥಿತಿ ಹೀಗೆಯೇ ಇದ್ದಿತೆಂದು ನಂಬುವುದಕ್ಕೆ ಬೇಕಾದಷ್ಟು ಆಧಾರಗಳಿವೆ.

ಅಗ್ನಿಕುಂಡದ ಕಥೆ

ರಜಪೂತರ ಮೂಲವನ್ನು ಕುರಿತು ಬಹು ಪ್ರಸಿದ್ಧವಾದ ಕಥೆ ಅಗ್ನಿಕುಲದ್ದು. ಅಬು ಪರ್ವತದ ಮೇಲೆ ವಸಿಷ್ಠರು ಮಾಡಿದ ಹೋಮದ ಕುಂಡದಿಂದ ಪರಮಾರ, ಪ್ರತೀಹಾರ, ಚಾಲುಕ್ಯ ಅಥವಾ ಸೋಲಂಕಿ, ಚಾಹಮಾನ ಅಥವಾ ಚೌಹಾಣ ಎಂಬ ನಾಲ್ವರು ವೀರರು ಉದ್ಭವಿಸಿದರೆಂದೂ, ಆ ನಾಲ್ಕು ಕುಲಗಳು ಅವರಿಂದಲೇ ಬೆಳೆದುವೆಂದೂ ಅದು ಹೇಳುವುದು. ಪೃಥ್ವೀರಾಜ ರಾಸೋ ಎಂಬ ಹಿಂದೀ ಕಾವ್ಯವು ಈ ಕಥೆಯನ್ನು ಮನೆಮನೆಗೂ ಮುಟ್ಟಿಸಿತು. ಕರ್ನಲ್ ಜೇಮ್ಸ್ ಟಾಡ್ ಎಂಬ ಆಂಗ್ಲ ಅಧಿಕಾರಿಯು 1829 ಮತ್ತು 1832ರಲ್ಲಿ ಎರಡು ಸಂಪುಟಗಳಾಗಿ ಅಚ್ಚುಹಾಕಿಸಿದ ರಾಜಸ್ಥಾನದ ಇತಿಹಾಸವು ಅದನ್ನು ಜಗತ್ತಿಗೆಲ್ಲ ಹರಡಿತು. ರಜಪೂತರು ಮಧ್ಯ ಏಷ್ಯದ ಶಕರೇ ಮೊದಲಾದವರ ಸಂತತಿಯೆಂದು ಟಾಡನು ಊಹಿಸಿದನು. ಅವನ ತರುವಾಯ ಅವರು ಗುರ್ಜರರೆಂಬ ಹೊರಗಿನ ಜನವೆಂದು ದೇವದತ್ತ ಭಾಂಡಾರಕರರೂ, ಅಲ್ಲ, ಶುದ್ಧ ವೈದಿಕ ಕ್ಷತ್ರಿಯರೆಂದು ಚಿಂತಾಮಣಿ ವಿನಾಯಕ ವೈದ್ಯರೂ ಗೌರೀಶಂಕರ ಹೀರಾಚಂದ ಓಝಾ ಅವರೂ ವಾದಿಸಿದರು. ರಕ್ತ ಯಾವುದೆಂಬ ಈ ವಾದವು ಬಹುಕಾಲ ನಡೆಯಿತು.

ಆದರೆ ಶಾಸನಗಳು ರಕ್ತವನ್ನು ಕುರಿತು ಒಂದೇ ಮಾತನ್ನು ಹೇಳುವುದಿಲ್ಲ. ಚೌಹಾಣರನ್ನೇ ನೋಡಿರಿ. 1170ರ ಬಿಜೋಲಿಯಾ ಶಾಸನವು ಅವರ ಪೂರ್ವಜನನ್ನು ವತ್ಸಗೋತ್ರದ ವಿಪ್ರನೆಂದು ಕರೆಯುವುದು. ಪೃಥ್ವೀರಾಜನ ಆಸ್ಥಾನದಲ್ಲಿಯೇ ರಚಿತವಾದ ಪೃಥ್ವೀರಾಜವಿಜಯವೆಂಬ ಸಂಸ್ಕೃತ ಕಾವ್ಯವು ಅವರನ್ನು ಸೂರ್ಯನಿಂದ ಇಳಿದವರೆಂದು ವರ್ಣಿಸುವುದು. 1192ರಲ್ಲಿ ಮಡಿದ ಆ ಅರಸನ ಕಾಲದವರೆಗೆ ಚೌಹಾಣರಿಗೆ ಬೆಂಕಿಯ ಹುಟ್ಟು ತಿಳಿದೇ ಇರಲಿಲ್ಲವೆಂದು ಇದರಿಂದ ತೋರುವುದು. ಮಂಡೋರದ ಪ್ರತೀಹಾರರು 837ರ ತಮ್ಮ ಶಾಸನದಲ್ಲಿ, ಹರಿಚಂದ್ರನೆಂಬ ಬ್ರಾಹ್ಮಣನಿಗೆ ಬ್ರಾಹ್ಮಣಪತ್ನಿಯಲ್ಲಿ ಹುಟ್ಟಿದವರು ಬ್ರಾಹ್ಮಣ ಪ್ರತೀಹಾರರಾದರೆಂದೂ, ಕ್ಷತ್ರಿಯಪತ್ನಿಯಲ್ಲಿ ಹುಟ್ಟಿದವರು ತಾವೆಂದೂ ಹೇಳಿಕೊಂಡರು. ಮೇವಾಡದ ಗುಹಿಲರ ಮೂಲಪುರುಷನು ಆನಂದಪುರದಿಂದ ಬಂದ ಬ್ರಾಹ್ಮಣ ಕುಲದವನೆಂದು 977ರ ಆಟಪುರದ ಶಾಸನವು ತಿಳಿಸುವುದು. ಅದೇ ಮನೆತನವು ಮುಂದೆ ಸೂರ್ಯವಂಶದ ಶಿರೋಮಣಿಯಾಯಿತು.

ಇದರಿಂದ ಯಾರನ್ನೂ ಹೀಗಳೆಯಬೇಕಾದುದಿಲ್ಲ. ಕತ್ತಿ ಮೊದಲು, ಭೂಮಿ ಆಮೇಲೆ, ವಂಶಾವಳಿ ಕಟ್ಟಕಡೆಗೆ ಎಂಬುದಷ್ಟೇ ಇದರ ತಾತ್ಪರ್ಯ. ಇತಿಹಾಸಜ್ಞ ಬ್ರಜದುಲಾಲ ಚಟ್ಟೋಪಾಧ್ಯಾಯರು 1976ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಕ್ರಮವನ್ನೇ ತೋರಿಸಿಕೊಟ್ಟರು. ಹೊಸ ನೆಲದಲ್ಲಿ ಬೇಸಾಯವನ್ನು ಹರಡಿದವರು, ಬಂಧುಗಳಿಗೆ ಊರುಗಳನ್ನು ಹಂಚಿಕೊಟ್ಟವರು, ಕೋಟೆಗಳನ್ನು ಕಟ್ಟಿದವರು, ಪರಸ್ಪರ ಹೆಣ್ಣು ಕೊಟ್ಟು ತಂದುಕೊಂಡವರು ಹಲವು ತಲೆಮಾರುಗಳಲ್ಲಿ ಒಂದೇ ವರ್ಗವಾಗಿ ಕೂಡಿ ರಜಪೂತರೆನಿಸಿದರು. ಡಚ್ ವಿದ್ವಾಂಸ ಡಿರ್ಕ್ ಕೋಲ್ಫ್ 1990ರಲ್ಲಿ ಬರೆದ ಗ್ರಂಥದಲ್ಲಿ, ದಂಡಿನ ಚಾಕರಿಗೆ ಹೋಗಿಬರುತ್ತಿದ್ದ ಉತ್ತರದೇಶದ ಒಕ್ಕಲು ಮಕ್ಕಳಿಗೂ ಈ ಹೆಸರು ಬಹುಕಾಲ ತೆರೆದ ಬಾಗಿಲಾಗಿತ್ತೆಂದು ನಿರೂಪಿಸಿದನು. ಆ ಬಾಗಿಲು ಮುಚ್ಚಿಕೊಂಡುದು ತಡವಾಗಿ.

949ರ ಇಬ್ಬರು ಸೇವಕರು

ಈಗ ಕನ್ನಡ ನಾಡಿಗೆ ಬರೋಣ. ಅಗ್ನಿಕುಂಡದ ಕಥೆಯನ್ನು ಮೊದಲು ಹೇಳಿದ ಗ್ರಂಥವೆಂದರೆ, ಪರಮಾರರ ಆಸ್ಥಾನಕವಿ ಪದ್ಮಗುಪ್ತನು ಹನ್ನೊಂದನೆಯ ಶತಮಾನದ ಆರಂಭದ ವೇಳೆಗೆ ಬರೆದ ನವಸಾಹಸಾಂಕಚರಿತ. ಆದರೆ ಅದೇ ಪರಮಾರ ವಂಶದ ಸೀಯಕನು ಅದಕ್ಕಿಂತ ಅರ್ಧ ಶತಮಾನದಷ್ಟು ಹಿಂದೆ, 949ರಲ್ಲಿ ಬರೆಯಿಸಿದ ತಾಮ್ರಶಾಸನವು ಗುಜರಾತಿನ ಹರ್ಸೋಲದಲ್ಲಿ ದೊರೆತಿದೆ. ಅದರಲ್ಲಿ ಅಬು ಪರ್ವತವಿಲ್ಲ, ವಸಿಷ್ಠರಿಲ್ಲ, ಬೆಂಕಿಯೂ ಇಲ್ಲ. ಅದರಲ್ಲಿರುವುದು ಅಮೋಘವರ್ಷ, ಅಕಾಲವರ್ಷ ಎಂಬ ಹೆಸರುಗಳು! ಮಾನ್ಯಖೇಟದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದ, ರಾಷ್ಟ್ರಕೂಟ ಚಕ್ರವರ್ತಿಗಳ ಬಿರುದುಗಳನ್ನು ಹೇಳಿ, ಆ ಪ್ರಸಿದ್ಧ ಕುಲದಲ್ಲಿ ತಮ್ಮ ಪೂರ್ವಜನು ಹುಟ್ಟಿದನೆಂದು ಆ ಶಾಸನವು ನುಡಿಯುವುದು. ಸೀಯಕನು ಆಗ ಮುಮ್ಮಡಿ ಕೃಷ್ಣನ ಸಾಮಂತನು. 972ರಲ್ಲಿ ಅದೇ ಸೀಯಕನು ಮಾನ್ಯಖೇಟವನ್ನು ಸುಲಿದನು. ಒಡೆಯನ ಮನೆ ಉರುಳಿದ ಮೇಲೆ ಒಡೆಯನ ಕುಲದ ಹೆಸರಿನಿಂದ ಏನು ಪ್ರಯೋಜನ? ಆಗ ಬೇರೊಂದು ಹುಟ್ಟು ಬೇಕಾಯಿತು. ಕವಿಯು ಅದನ್ನು ಅಗ್ನಿಕುಂಡದಿಂದ ಎತ್ತಿಕೊಟ್ಟನು. ಸೀಯಕನು ನಿಜವಾಗಿ ರಾಷ್ಟ್ರಕೂಟರ ರಕ್ತದವನೋ ಅಲ್ಲವೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆದರೆ ಒಂದೇ ಮನೆತನವು ಅರುವತ್ತು ವರ್ಷಗಳೊಳಗೆ ಎರಡು ಹುಟ್ಟುಗಳನ್ನು ಹೇಳಿಕೊಂಡಿತೆಂಬುದು ನಿರ್ವಿವಾದ.

ಅದೇ ಮುಮ್ಮಡಿ ಕೃಷ್ಣನ ಪಕ್ಷದಲ್ಲಿ, ಅದೇ 949ರಲ್ಲಿ, ತಕ್ಕೋಲದ ಯುದ್ಧಭೂಮಿಯಲ್ಲಿ ಕಾದಿದ ಇನ್ನೊಬ್ಬ ಸೇವಕನ ಕಲ್ಲು ನಮ್ಮ ಬೆಂಗಳೂರಿನಲ್ಲಿಯೇ ಇದೆ. ಗಂಗರ ಬೂತುಗನು ಆ ಯುದ್ಧದಲ್ಲಿ ಚೋಳರ ರಾಜಾದಿತ್ಯನನ್ನು ಕೊಂದನು. ಬೂತುಗನ ಬಂಟನಾದ ಮಣಲೇರನ ಪರಾಕ್ರಮಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ, ಮಣಲೇರನು ಬೇಡಿದುದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿಯು ಕೆಳಲೆನಾಡಿನಲ್ಲಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದಿತು. ನಾಯಿಯೂ ಹಂದಿಯೂ ಒಟ್ಟಿಗೆ ಸತ್ತುವು. ಅದರ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ದೊಡ್ಡ ಕೆರೆಯ ಕೆಳಗೆ ಎರಡು ಕಂಡುಗ ಭೂಮಿಯನ್ನು ಬಿಟ್ಟರು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ ಈ ಕಲ್ಲನ್ನು ಕಬ್ಬನ್ ಪಾರ್ಕಿನ ಅಂಚಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಯಾರಾದರೂ ನೋಡಬಹುದು. ಮಣಲೇರನಿಗೂ ಸಗರವಂಶ, ವಳಭೀಪುರದ ಒಡೆತನ ಎಂಬ ದೊಡ್ಡ ಬಿರುದುಗಳು ಆ ಕಲ್ಲಿನಲ್ಲಿಯೇ ಇವೆ. ಆದರೂ ಸಾವಿರ ವರ್ಷಗಳ ತರುವಾಯ ನಾವು ಅವನನ್ನು ನೆನೆಯುವುದು ವಳಭಿಗಾಗಿಯಲ್ಲ, ಅವನ ನಿಸ್ಪೃಹತೆಗಾಗಿ ಮತ್ತು ಆ ನಾಯಿಗಾಗಿ.

ಶರ್ಮನು ವರ್ಮನಾದ ನಾಡು

ನಮ್ಮ ರಾಜವಂಶಗಳ ಕಥೆಯೂ ಇದಕ್ಕೆ ಬೇರೆಯಲ್ಲ. ತಾಳಗುಂದದ ಸ್ತಂಭಶಾಸನದ ಪ್ರಕಾರ, ವೇದಾಧ್ಯಯನಕ್ಕಾಗಿ ಕಂಚಿಯ ಘಟಿಕೆಗೆ ಹೋದ ಮಯೂರಶರ್ಮನು ಅಲ್ಲಿ ಪಲ್ಲವರ ಕುದುರೆಯವನೊಡನೆ ಕಲಹವಾಗಿ, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದು ಬನವಾಸಿಯ ರಾಜ್ಯವನ್ನು ಸಂಪಾದಿಸಿದನು. ಅವನ ಸಂತತಿಯವರು ಶರ್ಮರಾಗಿ ಉಳಿಯಲಿಲ್ಲ; ವರ್ಮರಾದರು. ಕಲ್ಯಾಣದ ಚಾಲುಕ್ಯರು ತಮ್ಮ ಹಿರಿಯರು ಅಯೋಧ್ಯೆಯಿಂದ ಬಂದರೆಂದರು. ಅವರ ಕವಿ ಬಿಲ್ಹಣನು ಬ್ರಹ್ಮನ ಬೊಗಸೆಯ ನೀರಿನಿಂದ ಚಾಲುಕ್ಯ ವೀರನನ್ನು ಹುಟ್ಟಿಸಿದನು. ಅಲ್ಲಿ ಬೆಂಕಿ, ಇಲ್ಲಿ ನೀರು, ಕವಿಯ ಉಪಾಯವೊಂದೇ. ಮಲೆನಾಡಿನ ಸೊಸೆವೂರಿನಲ್ಲಿ ಮಲೆಪರ ನಾಯಕರಾಗಿ ತಲೆಯೆತ್ತಿದ ಹೊಯ್ಸಳರು, ರಾಜ್ಯವು ಬೆಳೆದಂತೆ ಯದುಕುಲಾಂಬರದ ಸೂರ್ಯರಾದರು. ಮೈಸೂರಿನ ಒಡೆಯರ ಮೂಲಪುರುಷ ಯದುರಾಯನು ದ್ವಾರಕೆಯಿಂದ ಬಂದು 1399ರಲ್ಲಿ ಆಳಿಕೆಯನ್ನು ಆರಂಭಿಸಿದನೆಂಬುದು ಆ ಮನೆತನದ ಐತಿಹ್ಯ.

ರಜಪೂತ ವರ್ಗವನ್ನು ಕೂಡಿಸಿದ ಬೆಸುಗೆಗಳಲ್ಲಿ ಮದುವೆಯ ಬೆಸುಗೆಯೇ ಬಲವಾದುದೆಂದು ಮೇಲೆ ಹೇಳಿದೆವಷ್ಟೆ. ಮೈಸೂರು ಅರಮನೆಯೂ ಈ ಹಾದಿಯನ್ನು ಹಿಡಿಯಿತು. 1900ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ವಿವಾಹವು ಕಾಠೇವಾಡದ ವಾಣಾ ಸಂಸ್ಥಾನದ ರಾಜಕುಮಾರಿಯೊಡನೆ ನಡೆಯಿತು. 2016ರಲ್ಲಿ ಡುಂಗರಪುರದ ರಾಜಮನೆತನದೊಡನೆ ಮತ್ತೊಮ್ಮೆ ಅಂಥ ಸಂಬಂಧವು ಬೆಳೆಯಿತು.

ಅರಮನೆಯಲ್ಲಿ ನಡೆದುದು ಪೇಟೆಯಲ್ಲಿಯೂ ನಡೆದಿದೆ. ಬೆಂಗಳೂರು ಕರಗದ ವಾರಸುದಾರರಾದ ತಿಗಳ ಸಮುದಾಯದವರು ತಮ್ಮನ್ನು ವಹ್ನಿಕುಲ ಕ್ಷತ್ರಿಯರೆಂದು ಕರೆದುಕೊಳ್ಳುವರು. ವಹ್ನಿಯೆಂದರೆ ಬೆಂಕಿಯೇ. ಅಬು ಪರ್ವತದ ಕಥೆಗೆ ಸಮನಾದ ಅಗ್ನಿಸಂಭವದ ಕಥೆ ಅವರಲ್ಲಿಯೂ ಉಂಟು. ವರ್ಷವಿಡೀ ತೋಟಗಳಲ್ಲಿ ಸೊಪ್ಪು ತರಕಾರಿ ಹೂಗಳನ್ನು ಬೆಳೆದ ಕೈಗಳು ಚೈತ್ರ ಪೂರ್ಣಿಮೆಯ ರಾತ್ರಿ ಬಿಚ್ಚುಗತ್ತಿಗಳನ್ನು ಹಿಡಿದು, ವೀರಕುಮಾರರಾಗಿ ದ್ರೌಪದಿಯ ಕರಗವನ್ನು ಕಾಯುವುವು. 1901ರ ಜನಗಣತಿಯಲ್ಲಿ ರಿಸ್ಲೆಯೆಂಬ ಅಧಿಕಾರಿಯು ಜಾತಿಗಳನ್ನು ಮೇಲು ಕೀಳುಗಳ ಕ್ರಮದಲ್ಲಿ ನಿಲ್ಲಿಸಲು ಹೊರಟಾಗ, ದೇಶದಾದ್ಯಂತ ಅನೇಕ ಜಾತಿಗಳವರು ಕ್ಷತ್ರಿಯರೆಂದು ದಾಖಲಾಗಬೇಕೆಂದು ಅರ್ಜಿಗಳನ್ನು ಬರೆದರು. ಅವರನ್ನು ನೋಡಿ ನಗುವುದು ಸುಲಭ. ಆದರೆ ಪರಮಾರರಿಗೆ ಒಪ್ಪುವ ಬೆಂಕಿ ತೋಟಗಾರರಿಗೆ ಏಕೆ ಒಪ್ಪಬಾರದು?

ಊರ ಮುಂದಿನ ಕಲ್ಲು

ವಂಶಾವಳಿಕಾರನು ಬರುವುದಕ್ಕೆ ಮೊದಲಿನ ಸ್ಥಿತಿಯನ್ನು ಕಾಣಬೇಕಾದರೆ ವೀರಗಲ್ಲುಗಳ ಬಳಿಗೆ ಹೋಗಬೇಕು. ಈ ವಿಷಯದಲ್ಲಿ ಕರ್ನಾಟಕಕ್ಕಿರುವಷ್ಟು ಸಂಪತ್ತು ದೇಶದ ಬಹು ಭಾಗಗಳಿಗಿಲ್ಲ. ಸಾಮಾನ್ಯವಾಗಿ ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವ ನೋಟ, ಮೇಲೆ ದೇವರ ಸನ್ನಿಧಿಯಲ್ಲಿ ಅವನು ಕುಳಿತಿರುವ ನೋಟ. ತುರುಗೋಳಿನಲ್ಲಿ ದನಗಳನ್ನು ಬಿಡಿಸುವಾಗ ಸತ್ತವರು, ಊರಳಿವಿನಲ್ಲಿ ಊರನ್ನು ಕಾಯ್ದು ಸತ್ತವರು, ಹೆಂಗಸರ ಮಾನವನ್ನು ಉಳಿಸಲು ಹೋಗಿ ಸತ್ತವರು, ಎಲ್ಲರಿಗೂ ಕಲ್ಲುಗಳುಂಟು. ಸತ್ತವನ ಮನೆಯವರಿಗೆ ಕಲ್ನಾಡು, ನೆತ್ತರುಗೊಡಗೆ ಎಂಬ ಹೆಸರಿನಲ್ಲಿ ಭೂಮಿಯನ್ನು ಬಿಡುವುದು ರೂಢಿಯಾಗಿತ್ತು. ರಕ್ತಕ್ಕೆ ಬದಲಾಗಿ ನೆಲ: ಇದೇ ಕ್ಷಾತ್ರದ ಮೊದಲ ಮೆಟ್ಟಿಲು.

ಬೆಂಗಳೂರಿನ ಸುತ್ತಲೇ ಇದಕ್ಕೆ ಒಳ್ಳೆಯ ನಿದರ್ಶನಗಳಿವೆ. ಹೆಬ್ಬಾಳದಲ್ಲಿ 2018ರಲ್ಲಿ ಮೋರಿಯ ಕೆಲಸಕ್ಕಾಗಿ ಅಗೆಯುವಾಗ ದೊರೆತ ಕಲ್ಲು, ಗಂಗರ ಶ್ರೀಪುರುಷನ ಆಳಿಕೆಯಲ್ಲಿ, ಸುಮಾರು 750ರಲ್ಲಿ, ರಟ್ಟವಾಡಿಯವರು ಊರಿನ ಮೇಲೆ ಬಿದ್ದಾಗ ಕಾದಿ ಮಡಿದ ಕಿಟ್ಟಯ್ಯನದು. ಅವನು ಸೂರ್ಯವಂಶದವನಲ್ಲ, ಚಂದ್ರವಂಶದವನೂ ಅಲ್ಲ. ಯಾರ ಮಗ, ಯಾರ ಮೈದುನ ಎಂಬುದನ್ನು ಹೇಳಿ ಆ ಕಲ್ಲು ಸುಮ್ಮನಾಗುವುದು. ಸುಮಾರು 890ರ ಬೇಗೂರಿನ ಶಾಸನವು ಇನ್ನೂ ಸ್ಪಷ್ಟವಾಗಿದೆ. ಗಂಗರ ಎರೆಯಪ್ಪನ ಅಪ್ಪಣೆಯಂತೆ ನಾಗತ್ತರನು ನೊಳಂಬರ ಬೀರಮಹೇಂದ್ರನ ಮೇಲೆ ಹೋಗಿ ತುಂಬೆಪಾಡಿಯಲ್ಲಿ ಆನೆಗಳಿಗೆ ಎದುರಾಗಿ ಕಾದಿ ಸತ್ತನು. ಅದನ್ನು ಕೇಳಿ ಎರೆಯಪ್ಪನು ಇರುಗನೆಂಬವನಿಗೆ ‘ನಾಗತ್ತರ’ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡು ಎಂಬ ಹನ್ನೆರಡು ಊರುಗಳನ್ನು ಕಲ್ನಾಡಾಗಿ ಕೊಟ್ಟನು. ಪಟ್ಟವು ಒಂದು ತಲೆಯಿಂದ ಇನ್ನೊಂದು ತಲೆಗೆ ಕಣ್ಣೆದುರಿಗೇ ದಾಟಿತು. ಅದನ್ನು ದಾಟಿಸಿದುದು ಅಗ್ನಿಯಲ್ಲ, ಸೇವೆ.

ಅದೇ ಬೇಗೂರಿನ ಇನ್ನೊಂದು ಕಲ್ಲಿನಲ್ಲಿ ಬೆಂಗಳೂರಿನ ಹೆಸರು ಮೊಟ್ಟಮೊದಲು ಬರುವುದೆಂದು ಎಲ್ಲರೂ ಕೇಳಿದ್ದಾರೆ. ಆದರೆ ಆ ‘ಬೆಂಗಳೂರು ಕಾಳಗ’ದಲ್ಲಿ ಸತ್ತವನ ಹೆಸರನ್ನು ಎಷ್ಟು ಜನರು ಬಲ್ಲರು? ಅವನು ನಾಗತ್ತರನ ಮನೆಮಗನಾದ ಬುಟ್ಟಣಸೆಟ್ಟಿ. ಸೆಟ್ಟಿ ಎಂಬ ಹೆಸರಿನವನು ಕತ್ತಿ ಹಿಡಿದು ಸತ್ತುದರಿಂದ ನಮ್ಮ ನಗರದ ಹೆಸರು ಇತಿಹಾಸಕ್ಕೆ ಬಂದಿತು! ಇದಕ್ಕಿಂತ ಒಳ್ಳೆಯ ಉಪದೇಶವನ್ನು ಯಾವ ಸ್ಮೃತಿ ತಾನೇ ಮಾಡಬಲ್ಲದು? ಮುಂದೆ 1537ರಲ್ಲಿ ಇದೇ ಊರಿಗೆ ಕೋಟೆ ಕಟ್ಟಿದವನು ಒಕ್ಕಲು ಮನೆತನದ ಕೆಂಪೇಗೌಡನು. 1638ರಲ್ಲಿ ಬಿಜಾಪುರದ ರಣದುಲ್ಲಾಖಾನನ ದಂಡಿಗೆ ಬೆಂಗಳೂರು ವಶವಾದಾಗ ಆ ಮನೆತನವು ಪಶ್ಚಿಮಕ್ಕೆ ಸರಿದು ಮಾಗಡಿಯಲ್ಲಿ ನೆಲೆನಿಂತು, ಸಾವನದುರ್ಗವನ್ನು ಆಶ್ರಯಿಸಿ, 1728ರವರೆಗೆ ತಲೆ ಬಾಗದೆ ಆಳಿತು. ರಾಜಾಜಿನಗರ, ವಿಜಯನಗರಗಳ ಮಗ್ಗುಲಲ್ಲಿ ಸಾಗುವ ಮಾಗಡಿ ರಸ್ತೆಯು ಅವರ ರಾಜಧಾನಿಯ ದಾರಿ. ಗೌಡನೆಂದರೆ ಊರಿನ ಒಕ್ಕಲಿಗರ ಮುಖ್ಯಸ್ಥ, ಅವನೇ ನಾಡಪ್ರಭುವಾದನು.

ವ್ರತವೂ ಅದರ ಬೆಲೆಯೂ

ಸಂಪ್ರದಾಯಗಳ ವಿಷಯದಲ್ಲಿ ರಜಪೂತರಿಗೂ ನಮ್ಮವರಿಗೂ ಇರುವ ಸಾಮ್ಯವು ಆಶ್ಚರ್ಯಕರವಾದುದು. ಉಂಡ ಅನ್ನದ ಋಣವನ್ನು ಪ್ರಾಣದಿಂದ ತೀರಿಸುವುದೇ ಎರಡು ಕಡೆಯೂ ಪರಮಧರ್ಮ. ನಮ್ಮವರು ಅದನ್ನು ಜೋಳವಾಳಿ ಎಂದರು. ಹೊತ್ತಿಗೆ ಒದಗಿ ಪ್ರಾಣ ಕೊಡುವ ಪ್ರತಿಜ್ಞೆಯನ್ನು ವೇಳೆವಾಳಿ ಎಂದರು. ಒಡೆಯನು ಸತ್ತರೆ ತಾವೂ ಸಾಯುವೆವೆಂದು ಭಾಷೆ ಕೊಟ್ಟವರಿಗೆ ಗರುಡರೆಂದು ಹೆಸರು. ಹೊಯ್ಸಳ ಇಮ್ಮಡಿ ಬಲ್ಲಾಳನ ದಂಡನಾಯಕನಾದ ಕುವರ ಲಕ್ಷ್ಮನು ಹೆಂಡತಿ ಸುಗ್ಗಲದೇವಿಯೊಡನೆಯೂ ತನ್ನ ಲೆಂಕರೊಡನೆಯೂ ಹೀಗೆ ಪ್ರಾಣಬಿಟ್ಟನು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬವು ಅದಕ್ಕೆ ಸಾಕ್ಷಿ. ಚಿತ್ತೂರಿನಲ್ಲಿ 1535ರಲ್ಲಿಯೂ 1568ರಲ್ಲಿಯೂ ಗಂಡಸರು ಕೊನೆಯ ಕಾಳಗಕ್ಕೆ ಹೊರಟು ಹೆಂಗಸರು ಜೌಹರದ ಬೆಂಕಿಗೆ ಬಿದ್ದರು. ಆದರೆ ಅದಕ್ಕಿಂತ ಎರಡು ಶತಮಾನಗಳ ಹಿಂದೆಯೇ, 1327ರಲ್ಲಿ, ದಿಲ್ಲಿಯ ಮಹಮ್ಮದ್ ತುಘಲಕನ ಸೈನ್ಯವು ಕಂಪಿಲಿಯ ಮೇಲೆ ಬಂದಾಗ ನಮ್ಮ ನಾಡಿನಲ್ಲಿಯೂ ಅಂಥದೇ ಚಿತೆ ಉರಿಯಿತೆಂದು ಇಬ್ನ್ ಬತೂತನು ಬರೆದಿದ್ದಾನೆ.

ಈ ಧೈರ್ಯಕ್ಕೆ ತಲೆ ಬಾಗುವೆವು. ಆದರೆ ಕಣ್ಣು ಮುಚ್ಚಲಾರೆವು. ನಮ್ಮ ಊರುಗಳ ಮಾಸ್ತಿಕಲ್ಲುಗಳಲ್ಲಿ ಬಳೆ ತೊಟ್ಟ ಒಂದು ಕೈ ಮೇಲೆತ್ತಿರುವುದನ್ನು ಎಲ್ಲರೂ ನೋಡಿದ್ದಾರೆ. ಎಷ್ಟೋ ಕಲ್ಲುಗಳ ಮೇಲೆ ಆ ಕೈಯ ಒಡತಿಯ ಹೆಸರು ಕೂಡ ಇಲ್ಲ. ಒಡೆಯನಿಗೆ ಸೇವಕನ ಪ್ರಾಣವನ್ನೂ ಗಂಡನಿಗೆ ಹೆಂಡತಿಯ ಪ್ರಾಣವನ್ನೂ ಕಾಣಿಕೆಯಾಗಿ ಕೇಳಿದ ಆದರ್ಶದಲ್ಲಿ ಹಿರಿಮೆಯಿದ್ದಂತೆ ಕ್ರೌರ್ಯವೂ ಇತ್ತು. ಕುಲದ ಮಾನವೇ ಪ್ರಧಾನವಾದಾಗ, ದೇಶಕ್ಕೆ ಕೂಡಿ ನಿಲ್ಲಬೇಕಾದವರು ಒಬ್ಬರನ್ನೊಬ್ಬರು ಕಡಿದುಕೊಂಡುದನ್ನು ರಾಜಸ್ಥಾನದ ಇತಿಹಾಸವೂ ಹೇಳುವುದು, ನಮ್ಮ ಪಾಳೆಯಗಾರರ ಇತಿಹಾಸವೂ ಹೇಳುವುದು.

ಶೌರ್ಯಕ್ಕೆ ಹಾಕಿದ ಬೇಲಿ

ಹುಟ್ಟಿಗೂ ಶೌರ್ಯಕ್ಕೂ ಗಂಟುಹಾಕಿ ಅದನ್ನು ರಾಜನೀತಿಯಾಗಿ ಮಾಡಿದವರು ಬ್ರಿಟಿಷರು. 1857ರ ಸಂಗ್ರಾಮದ ತರುವಾಯ, ಭಾರತದ ಕೆಲವು ಜನಾಂಗಗಳಿಗೆ ಮಾತ್ರ ಯುದ್ಧಗುಣವು ಸ್ವಭಾವಸಿದ್ಧವೆಂಬ ವಾದವೊಂದು ಬೆಳೆಯಿತು. 1885ರಿಂದ 1893ರವರೆಗೆ ಭಾರತದ ದಂಡಿನ ಮುಖ್ಯಾಧಿಕಾರಿಯಾಗಿದ್ದ ರಾಬರ್ಟ್ಸನು ಅದನ್ನು ಎತ್ತಿಹಿಡಿದನು. ಸಿಖ್ಖರು, ಗೂರ್ಖರು, ಪಠಾಣರು, ರಜಪೂತರು ಯೋಧಜಾತಿಗಳೆನಿಸಿದರು, ದಕ್ಷಿಣದವರಿಗೆ ಯುದ್ಧಗುಣವಿಲ್ಲವೆಂದಾಯಿತು. ಇಂಗ್ಲಿಷರನ್ನು ನಾಲ್ಕು ಯುದ್ಧಗಳಲ್ಲಿ ಎದುರಿಸಿದ ಮೈಸೂರಿನ ನಾಡಿನವರಿಗೆ, ಒಂದು ಶತಮಾನ ಕಳೆಯುವುದರೊಳಗಾಗಿ, ಈ ಬಿರುದು! ಇದರಿಂದ ದಕ್ಷಿಣದವರಿಗೆ ಅನ್ಯಾಯವಾದಂತೆ ರಜಪೂತರಿಗೂ ಅಪಕಾರವಾಯಿತು. ಹಲವು ತಲೆಮಾರುಗಳ ದುಡಿಮೆಯಿಂದ ಅವರು ಸಂಪಾದಿಸಿದ ಗುಣವನ್ನು ದನಗಳ ತಳಿಯಂತೆ ಎಣಿಸಿದುದು ಗೌರವವೆನಿಸುವುದೆ?

ಆ ವಾದಕ್ಕೆ ಉತ್ತರವು 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾ ಪಟ್ಟಣದಲ್ಲಿ ದೊರೆಯಿತು. ಜೋಧಪುರದ ಕುದುರೆ ದಳವೂ ಮೈಸೂರಿನ ಕುದುರೆ ದಳವೂ ಒಂದೇ ದಿನ, ಒಂದೇ ಶತ್ರುವಿನ ಮೇಲೆ, ಯಂತ್ರಬಂದೂಕುಗಳ ಎದುರಿಗೆ ಈಟಿ ಹಿಡಿದು ನುಗ್ಗಿ ಪಟ್ಟಣವನ್ನು ಹಿಡಿದುವು. ಜೋಧಪುರದ ದಳವನ್ನು ನಡೆಸಿದ ಮೇಜರ್ ದಲಪತ ಸಿಂಹ ಶೇಖಾವತರು ಅಲ್ಲಿ ಮಡಿದರು. ಜೋಧಪುರವು ರಾಠೋಡರ ಸಂಸ್ಥಾನ. ರಾಠೋಡ ಎಂಬ ಹೆಸರು ‘ರಾಷ್ಟ್ರಕೂಟ’ ಎಂಬುದರಿಂದ ಬಂದುದು. ರಕ್ತದ ಸಂಬಂಧವು ಹೇಗಾದರೂ ಇರಲಿ, ಮಾನ್ಯಖೇಟದ ಹೆಸರನ್ನು ಹೊತ್ತವರೂ ಮೈಸೂರಿನ ರಾವುತರೂ ಅಂದು ಮಗ್ಗುಲು ಮಗ್ಗುಲಾಗಿ ಕಾದಿದರು. ದಿಲ್ಲಿಯ ತೀನ್ ಮೂರ್ತಿಯ ಮೂರು ವಿಗ್ರಹಗಳಲ್ಲಿ ಒಂದು ಮೈಸೂರಿನದು, ಒಂದು ಜೋಧಪುರದ್ದು, ಮತ್ತೊಂದು ಹೈದರಾಬಾದಿನದು. ಆ ವೃತ್ತಕ್ಕೆ 2018ರಲ್ಲಿ ಹೈಫಾದ ಹೆಸರನ್ನೂ ಸೇರಿಸಿದರು. 1949ರ ಜನವರಿ 15ರಂದು ಸ್ವತಂತ್ರ ಭಾರತದ ಸೈನ್ಯದ ಆಧಿಪತ್ಯವನ್ನು ವಹಿಸಿಕೊಂಡ ಮೊದಲ ಭಾರತೀಯರು ಕೊಡಗಿನ ಕಾರ್ಯಪ್ಪನವರು. ದಕ್ಷಿಣದಲ್ಲಿ ಯೋಧರಿಲ್ಲವೆಂಬ ಮಾತನ್ನು ಆಮೇಲೆ ಯಾರೂ ಗಂಭೀರವಾಗಿ ಹೇಳಲಿಲ್ಲ.

ನಮ್ಮ ಕರ್ತವ್ಯ

ಇಷ್ಟರಿಂದ ನಾವು ಕಲಿಯತಕ್ಕದ್ದೇನು? ವಂಶದ ಕಥೆಗಳನ್ನೆಲ್ಲ ಸುಟ್ಟುಹಾಕಬೇಕೆಂದು ನಾವು ಹೇಳುವುದಿಲ್ಲ. ಅವುಗಳಲ್ಲಿ ಒಂದು ಜನದ ಆತ್ಮಗೌರವವಿದೆ. ಮಕ್ಕಳನ್ನು ಸನ್ಮಾರ್ಗದಲ್ಲಿ ನಿಲ್ಲಿಸಬಲ್ಲ ಶಕ್ತಿಯೂ ಇದೆ. ಆದರೆ ಆ ಕಥೆಗಳು ನೆರೆಯವನನ್ನು ಕೀಳೆಂದು ತೋರಿಸುವ ಬೆರಳಾಗಬಾರದು; ಮದುವೆಯ ಮನೆಯಲ್ಲಿ ಬಾಗಿಲು ಮುಚ್ಚುವ ಅಗುಳಿಯಾಗಬಾರದು; ಚುನಾವಣೆಯ ಸಮಯದಲ್ಲಿ ಜಾತಿಗಳನ್ನು ಎಣಿಸುವ ಜಪಮಣಿಯೂ ಆಗಬಾರದು. ಹುಟ್ಟಿನ ಕಾರಣದಿಂದ ಸರ್ಕಾರವು ಯಾವ ಪ್ರಜೆಗೂ ಭೇದವೆಣಿಸಕೂಡದೆಂದು 1950ರ ನಮ್ಮ ಸಂವಿಧಾನವು ವಿಧಿಸಿತು. ಬುಟ್ಟಣಸೆಟ್ಟಿಯ ಕಲ್ಲು ಅದಕ್ಕೆ ಸಾವಿರ ವರ್ಷಗಳಿಗೂ ಹಿಂದೆಯೇ ಬೇರೊಂದು ಭಾಷೆಯಲ್ಲಿ ಈ ಮಾತನ್ನು ಹೇಳಿತ್ತು.

ಇನ್ನೊಂದು ಕೆಲಸವು ನಮ್ಮ ಕೈಗೆ ಎಟುಕುವಷ್ಟು ಹತ್ತಿರದಲ್ಲಿದೆ. 1949ರಲ್ಲಿ ಸ್ವತಂತ್ರ ಭಾರತದ ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರ ಹೆಸರಿನಲ್ಲಿ ರಾಜಾಜಿನಗರಕ್ಕೆ ಅಸ್ತಿಭಾರವಾದಂದಿನಿಂದ, ಕೇತಮಾರನಹಳ್ಳಿ, ಸಾಣೇಗುರುವನಹಳ್ಳಿ, ಹೊಸಹಳ್ಳಿ, ಮಾರೇನಹಳ್ಳಿ, ಅತ್ತಿಗುಪ್ಪೆ, ನಾಗರಭಾವಿ ಮೊದಲ್ಗೊಂಡು ಕೆಂಗೇರಿಯ ಪರ್ಯಂತ ಒಂದೊಂದಾಗಿ ಹಳ್ಳಿಗಳು ನಗರದೊಳಗೆ ಕರಗಿದುವು. ಇಂಥ ಹಳೆಯ ಊರುಗಳ ಕೆರೆಯ ಏರಿ, ಅರಳಿಕಟ್ಟೆ, ಮಾರಮ್ಮನ ಗುಡಿಗಳ ಬಳಿ ವೀರಗಲ್ಲು ನಿಲ್ಲುವುದು ನಮ್ಮ ನಾಡಿನ ವಾಡಿಕೆ. ಲೂಯಿ ರೈಸ್ ಮಹಾಶಯನು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಸಂಪುಟವನ್ನು ಅಚ್ಚುಹಾಕಿಸಿದಾಗ ಸುತ್ತಲಿನ ಬಯಲಿನಲ್ಲಿ ನಿಂತಿದ್ದ ಕಲ್ಲುಗಳೆಲ್ಲ ಇಂದು ನಿಂತಿಲ್ಲ. ಕೆಲವು ಮನೆಯ ಅಡಿಪಾಯವನ್ನು ಸೇರಿದುವು. ಕೆಲವು ಬಟ್ಟೆ ಒಗೆಯುವ ಕಲ್ಲಾದುವು. ಕೆಲವು ರಸ್ತೆಯಡಿ ಹೂತುಹೋದುವು. ಹೆಬ್ಬಾಳದ ಕಿಟ್ಟಯ್ಯನ ಕಲ್ಲು ಉಳಿದುದು ಕೆಲವು ಮಂದಿ ಆಸಕ್ತರು ಅದನ್ನು ಗುರುತಿಸಿ ಓದಿದುದರಿಂದ, ಮತ್ತು ಊರಿನವರು ಅದು ತಮ್ಮದೆಂದು ತಿಳಿದು ಮಂಟಪ ಕಟ್ಟಲು ಮುಂದಾದುದರಿಂದ.

ಪಶ್ಚಿಮ ಬಡಾವಣೆಗಳ ಪೌರರೂ ಇದನ್ನು ಮಾಡಬಲ್ಲರು. ತಮ್ಮ ಬೀದಿಯ ಹಳೆಯ ಗುಡಿಯ ಹಿಂದೆ ಸುಣ್ಣ ಬಳಿದುಕೊಂಡು ನಿಂತ ಕಲ್ಲೇನಾದರೂ ಇದ್ದರೆ, ಅದರ ಮೇಲೆ ಕತ್ತಿಯೋ ಬಿಲ್ಲೋ ನಾಲ್ಕು ಅಕ್ಷರಗಳೋ ಕಂಡರೆ, ಪುರಾತತ್ತ್ವ ಇಲಾಖೆಗೆ ಒಂದು ಕಾಗದ ಬರೆಯಲಿ. ಉಪಾಧ್ಯಾಯರು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಲಿ. ಮಾರವಾಡದಿಂದ ಬಂದವರ ಮಕ್ಕಳೂ ಮಾಗಡಿಯಿಂದ ಬಂದವರ ಮಕ್ಕಳೂ ಒಂದೇ ಸಾಲಿನಲ್ಲಿ ನಿಂತು ಅದನ್ನು ನೋಡಲಿ. ಆ ಕಲ್ಲಿನ ಮುಂದೆ ನಿಂತವನಿಗೆ ನಿನ್ನ ಗೋತ್ರ ಯಾವುದೆಂಬ ಪ್ರಶ್ನೆ ಎದುರಾಗುವುದಿಲ್ಲ. ಊರಿಗೆ ಕಷ್ಟ ಬಂದ ದಿನ ನೀನು ಎಲ್ಲಿದ್ದೆ ಎಂಬುದೊಂದೇ ಆ ಕಲ್ಲು ಕೇಳುವ ಪ್ರಶ್ನೆ.